ಕೈ ನೋಡಿಕೊಂಡು ಹೇಳಿ

ಫೆಬ್ರವರಿ ೧೧

ಭಾವ,

…ಕೈ ಹಿಡಿಯುತ್ತೆ, ಕಾಲು ಹತ್ತಿಸುತ್ತೆ ಎಂಬಲ್ಲಿಯವರೆಗೆ ನೆನಪಿದೆ. ಹೊಟ್ಟೆಯ ಬಗ್ಗೆಯೂ ನೀವು ಏನೋ ಒಂದು ಮಾತು ಸೇರಿಸಿದ್ದಿರಿ. ಹತ್ತೊಂಬತ್ತು ವರ್ಷದ ಹಿಂದೆ, ಬಂಡೆಯ ಬುಡದಲ್ಲಿ, ಮೊದಲ ಸಲ ನನ್ನ ಸೊಂಟಕ್ಕೆ ಹಗ್ಗ ಕಟ್ಟುವ ಬೆಲ್ಟನ್ನು ಬಿಗಿಯುತ್ತಾ. ಪಕ್ಕದಲ್ಲೇ ಅಕ್ಕ ಕೊಡೆ ಹಿಡಿದು ನಿಂತು, "ನಮ್ಮ ಮದುವೆಯಾಗಿ ಆರು ತಿಂಗಳಾಗಿಲ್ಲ, ಆಗಲೇ ನನ್ನ ತಂಗೀನ ಕೊಂದ್ರೆ ಅಮ್ಮನಿಗೆ ಏನು ಹೇಳ್ಲಿ?" ಎಂದದ್ದು ಕೂಡ ನೆನಪಿದೆ. ನಿಮ್ಮ ಮಾತಿನ ಆ ಮೂರನೆಯ ತುಂಡು ಮಾತ್ರ ಇಲ್ಲ. ಎರಡು ತಿಂಗಳಿಂದ ನನಗಿರುವುದು ಹೊಟ್ಟೆಯೊಂದೇ. ಅದಕ್ಕೇ ಕೇಳುತ್ತಿದ್ದೇನೆ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನ ಮಾತನ್ನೆಲ್ಲ ಅಕ್ಕನೇ ಆಡಿ ಮುಗಿಸುತ್ತಾಳೆ. ನೀವು ಎತ್ತಿಕೊಂಡರೂ "ತಡಿ, ಅವಳಿಗೆ ಕೊಡ್ತೀನಿ" ಎಂದು ದಾಟಿಸುತ್ತೀರಿ. ಜನವರಿಯಲ್ಲಿ ವರ್ಗವಾಗಿ ಹೋದ ಮೇಲೆ ನಿಮ್ಮ ಬಾಯಿಂದ ನಾನು ಕೇಳಿದ್ದು ಅಷ್ಟೇ. ಆದ್ದರಿಂದ ಕಾಗದ.

ಆಪರೇಷನ್ನಿನ ಹೊಲಿಗೆ ಒಣಗಿದೆ. ಹೊಕ್ಕುಳಿನ ಮೇಲಿಂದ ಶುರುವಾಗಿ ಒಂದು ಗೇಣು ಕೆಳಕ್ಕೆ ಇಳಿಯುತ್ತದೆ. ಹೊಕ್ಕುಳ ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ಹೋಗಿದೆ, ಎದುರಿಗೆ ಬಂದ ಹಿರಿಯರಿಗೆ ದಾರಿ ಬಿಟ್ಟಂತೆ. ಅದರ ಎರಡು ಬದಿಗೂ ಅಂಗೈ ಅಗಲದಷ್ಟು ಚರ್ಮ ಮರಗಟ್ಟಿದೆ. ಮೊನ್ನೆ ಕೆಲಸದ ಮೇಜಿನಲ್ಲಿ, ಯಾರೂ ಇಲ್ಲದಾಗ, ಮೇಣ ಕೊರೆಯುವ ಚಾಕುವಿನ ತುದಿಯಿಂದ ಮೆಲ್ಲಗೆ ಗೀರಿ ನೋಡಿದೆ. ಬಿಳಿ ಗೆರೆ ಮೂಡಿ ಮಾಯವಾಗುವುದು ಕಾಣುತ್ತದೆ, ತಾಗುವುದು ತಿಳಿಯುವುದಿಲ್ಲ. ನಾನು ದಿನವಿಡೀ ಬೇರೆಯವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವವಳು, ಅಚ್ಚಿನ ಮೇಲೆ ಕೂದಲೆಳೆಯ ಏರುತಗ್ಗನ್ನೂ ಬೆರಳಲ್ಲೇ ಹಿಡಿಯುವವಳು. ಈಗ ನನ್ನ ಮೈಯಲ್ಲೇ ಒಂದು ಪ್ಲಾಸ್ಟರಿನ ತುಂಡಿದೆ. ಸರಿಯಾಗಿ ಬೆಲ್ಟು ಕೂರುವ ಜಾಗ.

ವ್ಯಾಯಾಮ ಹೇಳಿಕೊಡುವ ಹೆಂಗಸು ವಾರಕ್ಕೊಮ್ಮೆ ಬರುತ್ತಾರೆ.

"ಏಳೋವಾಗ ಸೀದಾ ಏಳ್ಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಆಮೇಲೆ ಕೈ ಊರಿ. ಕೆಮ್ಮು ಬಂದ್ರೆ ಹೊಟ್ಟೆಗೆ ದಿಂಬು ಒತ್ಕೊಳ್ಳಿ."

"ನಗು ಬಂದ್ರೆ?"

"ನಿಮಗೆ ನಗು ಬರೋ ಹಾಗೆ ಕಾಣಲ್ಲ, ಬಿಡಿ."

ನೋವಿಲ್ಲ. ಬೇಸರವಿದೆಯೇ ಎಂದು ಹುಡುಕಿದೆ, ಅದೂ ಇಲ್ಲ. ಜೂನ್ ಹೊತ್ತಿಗೆ ಹತ್ತಬಹುದು ಎಂದಿದ್ದಾರೆ ಆಪರೇಷನ್ ಮಾಡಿದ ಡಾಕ್ಟರು. ಹಗ್ಗ ಬೀರುವಿನ ಮೇಲಿದೆ, ಬೆಲ್ಟು ಬಾಗಿಲ ಹಿಂದಿನ ಮೊಳೆಯಲ್ಲಿದೆ. ಕಷ್ಟದ ಜಾಗ ಬಂದಾಗ ನಾನು ಮೇಲಿನಿಂದ "ಇದ್ದೀರಾ?" ಎಂದು ಕೇಳದೆ, ಕೆಳಗೆ ಹಗ್ಗ ಹಿಡಿದ ನೀವು "ಇದ್ದೀನಿ" ಎನ್ನದೆ ಇಷ್ಟು ವರ್ಷದಲ್ಲಿ ಒಂದು ಹೆಜ್ಜೆ ಎತ್ತಿದವಳಲ್ಲ. ಬೇರೆ ಯಾರನ್ನು ಕೇಳಲಿ?

ಜೂನಿನಲ್ಲಿ ಬರುತ್ತೀರಾ?

ಕೋತಿ


ಫೆಬ್ರವರಿ ೨೭

ಕೋತಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಇಲ್ಲಿ ಕೆಲಸ ಜಾಸ್ತಿ. ಹದಿನೆಂಟು ಅಂತಸ್ತಿನ ಕಚೇರಿ ಕಟ್ಟಡ, ಆರು ಲಿಫ್ಟು. ಐದು ಓಡುತ್ತವೆ. ಆರನೆಯದು ಓಡುತ್ತದೆ ಎಂದು ಬೋರ್ಡು ಹೇಳುತ್ತದೆ.

ನಿನ್ನೆ ಒಬ್ಬ ವಕೀಲರು ಒಂಬತ್ತಕ್ಕೂ ಹತ್ತಕ್ಕೂ ನಡುವೆ ಸಿಕ್ಕಿಕೊಂಡರು. "ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಿದ್ದರು. ನಾನು ಮೇಲೆ ಯಂತ್ರದ ಕೋಣೆಯಲ್ಲಿದ್ದೆ, ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಉತ್ತರ ಕೊಡಲಿಲ್ಲ. ಬ್ರೇಕಿನ ಹಿಡಿ ಕೈಗೆ ಸಿಕ್ಕಿದ ಮೇಲೆ ಕೊಟ್ಟೆ. ಬಾಗಿಲು ತೆಗೆದಾಗ ಬೆವರಿನಲ್ಲಿ ತೊಯ್ದಿದ್ದರು. "ಇಷ್ಟೊತ್ತು ಎಲ್ಲಿ ಸತ್ತಿದ್ರಿ?" ಎಂದರು. "ಇಲ್ಲೇ ಸಾರ್" ಎಂದೆ. ನನ್ನ ಮೇಲೆ ದೂರು ಬರೆದು ಹೋಗಿದ್ದಾರೆ.

ಹೊಟ್ಟೆಯ ಬಗ್ಗೆ ನಾನು ಏನೂ ಹೇಳಿದ ನೆನಪಿಲ್ಲ. ನೀನು ಬೇರೆ ಯಾರಿಂದಲೋ ಕೇಳಿರಬೇಕು.

ಆ ಹಳೆಯ ಬೆಲ್ಟನ್ನು ಬಿಸಾಕು. ಸುಮ್ಮನೆ ಬಿಸಾಕಬೇಡ, ಕತ್ತರಿಯಿಂದ ಎರಡು ತುಂಡು ಮಾಡಿ ಬಿಸಾಕು, ಬೇರೆ ಯಾರೂ ಎತ್ತಿಕೊಂಡು ಹಾಕಿಕೊಳ್ಳದ ಹಾಗೆ. ಜೂನ್ ಇನ್ನೂ ದೂರವಿದೆ. ಅವಸರ ಮಾಡಬೇಡ. ನಡೆ, ಚೆನ್ನಾಗಿ ತಿನ್ನು.

ಭಾವ


ಮಾರ್ಚ್ ೯

ಭಾವ,

ಬೆಲ್ಟನ್ನು ಬಿಸಾಕಿಲ್ಲ.

ಬರುತ್ತೇನೆ ಎಂದೂ ನೀವು ಬರೆದಿಲ್ಲ, ಬರುವುದಿಲ್ಲ ಎಂದೂ ಬರೆದಿಲ್ಲ. ಹೊಟ್ಟೆ ಹೊಲಿಸಿಕೊಂಡವಳಿಗೆ ಹಗ್ಗ ಹಿಡಿಯಲು ನಿಮಗೆ ಮನಸ್ಸಿಲ್ಲ, ಅದನ್ನು ಬೆಲ್ಟಿನ ಮೇಲೆ ಹಾಕಿ ಹೇಳಿದ್ದೀರಿ. ತಪ್ಪೇನಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಅಷ್ಟನ್ನೂ ಬರೆಯುತ್ತಿರಲಿಲ್ಲವೇನೋ.

ನಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕು ಕೆಳಗೆ, ನನ್ನ ಕೋಣೆ ಮೂರನೆಯ ಮಹಡಿಯಲ್ಲಿ ಎಂಬುದು ನಿಮಗೆ ಗೊತ್ತು. ನಡುವೆ ಎರಡು ಸಲ ನಿಲ್ಲುತ್ತೇನೆ. ಮೊನ್ನೆ ಹಾಗೆ ನಿಂತಾಗ ಡಾಕ್ಟರು ಕಂಡು ಕೇಳಿದರು.

"ಏನ್ರೀ, ಬಂಡೆ ಹತ್ತೋರು ಮೆಟ್ಟಿಲು ಹತ್ತೋಕೆ ಗೋಡೆ ಹಿಡ್ಕೊಂಡಿದ್ದೀರಿ?"

"ಹಳೇ ಗೋಡೆ ಸಾರ್, ಬಿದ್ದೀತು ಅಂತ ಹಿಡ್ಕೊಂಡಿದ್ದೀನಿ."

ಅವರು ನಕ್ಕರು. ನಾನೂ ನಕ್ಕೆ, ದಿಂಬಿಲ್ಲದೆ. ನೋಯಲಿಲ್ಲ.

ಅದೇ ದಿನ ಹೊಸ ಸೆಟ್ಟು ಹಾಕಿಸಿಕೊಂಡ ಒಬ್ಬ ಅಜ್ಜಿ ಕನ್ನಡಿಯಲ್ಲಿ ನೋಡಿಕೊಂಡು, "ಇದು ನನ್ನ ಬಾಯಿ ಅನ್ನಿಸ್ತಿಲ್ಲ" ಎಂದರು. ಒಂದು ತಿಂಗಳು ಹಾಕಿಕೊಂಡರೆ ಅಭ್ಯಾಸ ಆಗುತ್ತೆ ಎಂದರು ಡಾಕ್ಟರು. "ಬಾಯಿಗೆ ಅಭ್ಯಾಸ ಆಗುತ್ತೋ, ನನಗೋ?" ಎಂದು ಕೇಳಿದರು ಅಜ್ಜಿ. ಇಬ್ಬರೂ ನನ್ನ ಮುಖ ನೋಡಿದರು. ಸೆಟ್ಟು ಮಾಡಿದವಳು ನಾನಲ್ಲವೇ. ನಾನು ಅಚ್ಚಿನ ಟ್ರೇ ಎತ್ತಿಕೊಂಡು ಮೇಲೆ ಬಂದೆ.

ಭಾನುವಾರ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ನಡೆದು ಬಂಡೆಯ ಹತ್ತಿರ ಹೋಗಿದ್ದೆ. ಹತ್ತಲಿಕ್ಕಲ್ಲ. ಕೆಳಗೆ ನಿಂತು ನೋಡಿದೆ. ನಾವು ಹಗ್ಗ ಹಾಯಿಸುವ, ಬಂಡೆಗೆ ಬಡಿದ ನಾಲ್ಕನೆಯ ಕೊಂಡಿ, ಅದರ ಮೇಲೆ ಆ ಉಬ್ಬು. ನವೆಂಬರಿನಲ್ಲಿ ನಾನು ಅಲ್ಲಿಂದ ಬಿದ್ದು, ನೆಲ ಇನ್ನು ಒಂದಾಳು ಇದೆ ಎನ್ನುವಾಗ ಬಂದು ನಿಂತದ್ದು ನಿಮಗೆ ನೆನಪಿರಬೇಕು. ನಾವಿಬ್ಬರೂ ಎಷ್ಟು ನಕ್ಕೆವು! ಆಮೇಲೆ ನೀವು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಿರಿ, ಅಂಥ ಬಿಸಿಲಿನಲ್ಲೂ ಕೈಗವಸು ಹಾಕಿಕೊಂಡು.

ಬಂಡೆಗೆ ಕೈ ತಾಗಿಸಿದೆ, ಬೆಚ್ಚಗಿತ್ತು. ಅಂಗಿ ಎತ್ತಿ ಹೊಟ್ಟೆ ತಾಗಿಸಿದೆ. ಏನೂ ಇರಲಿಲ್ಲ. ಯಾರೂ ನೋಡಲಿಲ್ಲ, ಅಕ್ಕನಿಗೆ ಹೇಳಬೇಡಿ.

ನಿಮ್ಮ ಕೋತಿ


ಏಪ್ರಿಲ್ ೨೧

ಹೊಸ ಬೆಲ್ಟು ಕಳಿಸಿದ್ದೇನೆ, ಬೇರೆ ಪೊಟ್ಟಣದಲ್ಲಿ ಬರುತ್ತದೆ. ಸೊಂಟದ ಪಟ್ಟಿ ಅಗಲ, ಒಳಗೆ ಮೆತ್ತೆ ಇದೆ, ಗಾಯದ ಮೇಲೆ ಒತ್ತಲಾರದು. ಪಟ್ಟಿಯನ್ನು ಬಕಲ್ಲಿನೊಳಗೆ ಎರಡು ಸಲ ಹಾಯಿಸಿ ಎಳೆ. ಬೆರಳು ತೂರಿಸಿ ನೋಡು. ತಾಗುವುದು ನಿನಗೆ ತಿಳಿಯುವುದಿಲ್ಲವಾದ್ದರಿಂದ ಪ್ರತಿ ಸಲವೂ ಕಣ್ಣಿನಿಂದ ನೋಡು. ಹೊಟ್ಟೆ ಹೇಳಿದ್ದನ್ನು ನಂಬಬೇಡ.

ಹಳೆಯದನ್ನು ಇನ್ನಾದರೂ ಕತ್ತರಿಸು. ಅಷ್ಟು ಎತ್ತರದಿಂದ ಬಿದ್ದಾಗ ಪೆಟ್ಟು ತಿಂದ ಬೆಲ್ಟು ಅದು.

ಬೇರೇನೂ ವಿಶೇಷವಿಲ್ಲ.

ಭಾವ

ನಾನು ಅಕ್ಕ. ಕವರು ಅಂಟಿಸೋ ಮುಂಚೆ ಕದ್ದು ಬರೀತಿದೀನಿ. ಈ ಮನುಷ್ಯ ಒಂದು ತಿಂಗಳಿಂದ ನಿನಗೆ ಬರೆಯೋದು, ಹರಿಯೋದು, ಬರೆಯೋದು, ಹರಿಯೋದು. ಏನ್ರೀ ಅದು ಅಂದ್ರೆ ಲಿಫ್ಟಿನ ರಿಪೋರ್ಟು ಅಂತಾರೆ. ನನ್ನ ತಂಗಿ ಯಾವಾಗ ಲಿಫ್ಟಾದಳೋ! ನೀನೋ, ಹೊಲಿದಿರೋ ಹೊಟ್ಟೆ ಹೊತ್ಕೊಂಡು ಬಂಡೆ ಹತ್ತೋಕೆ ಹೊರಟಿದ್ದೀಯ. ಇವರೋ, ಅದಕ್ಕೆ ಬೆಲ್ಟು ಬೇರೆ ಕಳಿಸ್ತಾರೆ. ಯಾರಿಗೆ ಬುದ್ಧಿ ಹೇಳ್ಲಿ? ಇವರ ಬಲಗೈ ಇನ್ನೂ ಪೂರ್ತಿ ಮಡಚೋಕಾಗಲ್ಲ. ಹೋದ ವರ್ಷ ಲಿಫ್ಟಿನ ಹಗ್ಗ ಉಜ್ಜಿ ಅಂಗೈ ಸುಟ್ಟಿತ್ತಲ್ಲ, ಅದು. ಡಾಕ್ಟರಿಗೆ ತೋರಿಸಿ ಅಂದ್ರೆ ಕೇಳಲ್ಲ. ನೀನಾದ್ರೂ ಹೇಳು.


ಮೇ ೩

ಭಾವ,

ಬೆಲ್ಟು ಸರಿಯಾಗಿದೆ. ಹಳೆಯದನ್ನು ಕತ್ತರಿಸಿದೆ. ಪ್ಲಾಸ್ಟರ್ ಕೊರೆಯುವ ಗರಗಸವೇ ಬೇಕಾಯಿತು.

ರೈಲು ಸೇತುವೆಯ ಪಕ್ಕದ ಹಳೆಯ ಗೋದಾಮಿನಲ್ಲಿ ಹತ್ತುವ ಗೋಡೆ ಮಾಡಿದ್ದಾರೆ, ಮರದ ಹಲಗೆಗೆ ಬಣ್ಣಬಣ್ಣದ ಗುಬುಟುಗಳನ್ನು ಬಿಗಿದು. ನೋಡಿಕೊಳ್ಳುವ ಹೆಂಗಸು ಒಬ್ಬ ನಿವೃತ್ತ ಡ್ರಿಲ್ ಟೀಚರು. ಕೊರಳಲ್ಲಿ ಸದಾ ಸೀಟಿ, ಎಲ್ಲರೂ ಅವರನ್ನು ಸೀಟಿ ಎಂದೇ ಕರೆಯುತ್ತಾರೆ, ಎದುರಿಗೇ. ಹೊಟ್ಟೆಗೆ ಕೈ ಒತ್ತಿಕೊಂಡು ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಟ್ಟೆ ಕೊಯ್ಸಿ ಎಷ್ಟು ತಿಂಗಳಾಯ್ತು?" ಎಂದರು. "ಐದು" ಎಂದೆ. "ಗಂಡೋ ಹೆಣ್ಣೋ?" "ಕರುಳು" ಎಂದೆ. ಅವರು ಸೀಟಿಯನ್ನು ಬಾಯಿಗಿಟ್ಟುಕೊಂಡು ಊದದೆ ಕೆಳಗಿಳಿಸಿದರು.

ಅಲ್ಲಿ ಹಗ್ಗ ಹಿಡಿಯಲು ಮನುಷ್ಯರಿಲ್ಲ. ಗೋಡೆಯ ನೆತ್ತಿಯಲ್ಲಿ ಒಂದು ಯಂತ್ರವಿದೆ, ನಿಮ್ಮ ಲಿಫ್ಟಿನ ಬ್ರೇಕಿನ ಚಿಕ್ಕ ತಮ್ಮ. ಹತ್ತಿದಂತೆ ಪಟ್ಟಿಯನ್ನು ತಾನೇ ಸುತ್ತಿಕೊಳ್ಳುತ್ತದೆ. ಕೈಬಿಟ್ಟರೆ ಹಿಡಿದು ಮೆಲ್ಲಗೆ ಇಳಿಸುತ್ತದೆ. ಪಟ್ಟಿಯ ತುದಿಯ ಕೊಕ್ಕೆಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡರೆ ಆಯಿತು.

ಎರಡು ವಾರದಿಂದ ಹೋಗುತ್ತಿದ್ದೇನೆ. ಮೊದಲ ದಿನ ಮೂರು ಗುಬುಟು, ನಿನ್ನೆ ನೆತ್ತಿಯವರೆಗೆ. ಕಾಲಿಗೆ ನೆನಪಿದೆ, ಕೈ ಮೆತ್ತಗಾಗಿದೆ. ಮೊಣಕಾಲು ಎತ್ತುವಾಗ ಒಳಗೆ ಯಾರೋ ಪರದೆ ಎಳೆದಂತೆ ಆಗುತ್ತದೆ, ಅಷ್ಟೇ. ಮೇಲೆ ತಲುಪಿದಾಗ ಸಂತೋಷವಾಗಬೇಕಿತ್ತು. ತಗಡಿನ ಮಾಡು, ಒಂದು ಪಾರಿವಾಳ, ಅದರ ಹಿಕ್ಕೆ. ಪಾರಿವಾಳ ನನ್ನನ್ನು ನೋಡಿತು. ಕೈಬಿಟ್ಟೆ, ಇಳಿದೆ.

ಯಂತ್ರ ಒಳ್ಳೆಯದು. ಅದನ್ನು ಏನೂ ಕೇಳಬೇಕಿಲ್ಲ.

ಅಕ್ಕ ನಿಮ್ಮ ಕೈ ಬಗ್ಗೆ ಬರೆದಿದ್ದಾಳೆ. ಲಿಫ್ಟಿನ ಹಗ್ಗ ಉಕ್ಕಿನದು, ಉಜ್ಜಿದರೆ ಸುಡುವುದಿಲ್ಲ, ಚರ್ಮ ಹರಿಯುತ್ತದೆ ಎಂದು ನೀವೇ ಒಮ್ಮೆ ಹೇಳಿದ ನೆನಪು. ಇದನ್ನಾದರೂ ನಿಮ್ಮಿಂದಲೇ ಕೇಳಿದ್ದೇನೆ ತಾನೇ?

ಕೋತಿ


ಮೇ ೧೯

ಏನೂ ಕೇಳಬೇಕಿಲ್ಲ ಎಂದು ಬರೆದಿದ್ದೀಯ. ಅರ್ಥವಾಯಿತು. ಇಷ್ಟು ಮೆತ್ತಗೆ ಹೇಳುವ ಅಗತ್ಯವಿರಲಿಲ್ಲ, ನೇರವಾಗಿ ಬೈದಿದ್ದರೂ ಆಗುತ್ತಿತ್ತು.

ಆ ದಿನದ್ದನ್ನು ಬರೆಯುತ್ತೇನೆ. ಇದನ್ನು ಹರಿಯುವುದಿಲ್ಲ, ಬರೆದ ಕೂಡಲೇ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ನೀನು ಉಬ್ಬಿನ ಕೆಳಗೆ ನಿಂತು "ಇದ್ದೀರಾ?" ಎಂದೆ. ನಾನು "ಇದ್ದೀನಿ" ಎಂದೆ. ಆಗ ನನ್ನ ಎರಡು ಕೈಯೂ ಫ್ಲಾಸ್ಕಿನ ಮುಚ್ಚಳದ ಮೇಲಿದ್ದವು. ಮುಚ್ಚಳ ಬಿಗಿಯಾಗಿತ್ತು. ಹತ್ತೊಂಬತ್ತು ವರ್ಷ ಕೇಳಿ ಕೇಳಿ ನಿನ್ನ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ನಾನು ಇರುವುದು ಯಾವಾಗಲೋ ನಿಂತುಹೋಗಿತ್ತು. ಬಾಯಿ ತಾನೇ ಹೇಳಿತು. ನೀನು ಬಿದ್ದೆ. ಹಗ್ಗ ಓಡಿತು. ಹಿಡಿಯಲು ಕೈ ಹಾಕಿದೆ, ಅಂಗೈ ಸುಟ್ಟಿತು. ಆದರೂ ಹಿಡಿದೆ, ಆದರೆ ತಡವಾಗಿ. ನೀನು ಅಷ್ಟು ಎತ್ತರದಿಂದ ಬಂದು ಬೆಲ್ಟಿನ ಮೇಲೆ, ಹೊಟ್ಟೆಯ ಮೇಲೆ, ಜೋತುಬಿದ್ದೆ. ಮೇಲೆ ನೋಡಿ ನಕ್ಕೆ. ನಾನೂ ನಕ್ಕೆ. ನಿನಗೆ ಕಾಣಬಾರದೆಂದು ಕೈಗವಸು ಹಾಕಿಕೊಂಡೆ.

ಮೂರು ವಾರಕ್ಕೆ ನಿನ್ನನ್ನು ಆಸ್ಪತ್ರೆಗೆ ಸೇರಿಸಿದರು. ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಡಾಕ್ಟರು, "ಹೊಟ್ಟೆಗೆ ಏನಾದ್ರೂ ಏಟು ಬಿದ್ದಿತ್ತಾ?" ಎಂದು ಕೇಳಿದರು. ನೀನು ನನ್ನ ಕಡೆ ಒಮ್ಮೆ ನೋಡಿ "ಇಲ್ಲ" ಎಂದೆ. ಅಷ್ಟು ನೋವಿನಲ್ಲೂ ನನ್ನನ್ನು ಉಳಿಸಿದೆ. ಅದರಷ್ಟು ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ವರ್ಗ ಆದದ್ದಲ್ಲ, ನಾನೇ ಕೇಳಿ ಪಡೆದದ್ದು. ನಿನ್ನ ಅಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ.

ಹೊಟ್ಟೆಯ ಬಗ್ಗೆ ನಾನು ಹೇಳಿದ್ದು ನನಗೆ ನೆನಪಿತ್ತು. ಕೈ ಹಿಡಿಯುತ್ತೆ, ಕಾಲು ಹತ್ತಿಸುತ್ತೆ, ಹೊಟ್ಟೆ ಸುಮ್ಮನೆ ಜೊತೆಗೆ ಬರುತ್ತೆ. ಅವತ್ತು ನೀನು ತುಂಬ ಹೆದರಿದ್ದೆ, ನಗಿಸಲು ಹೇಳಿದ್ದು.

ಇನ್ನು ಮುಂದೆ ನಾನು ಯಾರಿಗೂ ಹಗ್ಗ ಹಿಡಿಯುವುದಿಲ್ಲ. ಯಂತ್ರವೇ ಇರಲಿ.


ಮೇ ೨೭

ಭಾವ,

ನಿಮ್ಮ ಕಾಗದವನ್ನು ಕೆಲಸದ ಕೋಣೆಯಲ್ಲಿ ಓದಿದೆ. ಮೇಣ ಕುದಿಯುತ್ತಿತ್ತು, ಆರಿಸುವುದು ಮರೆತು ಒಂದು ಇಡೀ ಮೇಲ್ದವಡೆ ಕರಗಿಹೋಯಿತು. ಏನೋ ಅನ್ನಿಸಬೇಕೆಂದು ಸ್ವಲ್ಪ ಹೊತ್ತು ಕಾದು ಕೂತೆ. ಆಮೇಲೆ ಹೊಸ ಮೇಣ ಹಾಕಿದೆ. ಆದ್ದರಿಂದ ಅನ್ನಿಸಿದ್ದನ್ನಲ್ಲ, ಗೊತ್ತಿರುವುದನ್ನು ಬರೆಯುತ್ತೇನೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪೆಂಡಿಕ್ಸ್ ತೆಗೆದಿದ್ದರು. ಆ ಗಾಯ ಒಳಗೆ ಮಾಯುವಾಗ ದಾರದಂಥ ಒಂದು ಎಳೆ ಬೆಳೆದು ಕರುಳಿನ ಮೇಲೆ ಹಾಯ್ದಿತ್ತು. ಮೂವತ್ತೇಳು ವರ್ಷ ಸುಮ್ಮನಿತ್ತು. ಡಿಸೆಂಬರಿನಲ್ಲಿ ಕರುಳು ಅದಕ್ಕೆ ಸಿಕ್ಕಿಕೊಂಡು ತಿರುಚಿತು. ಜನವರಿಯ ತಪಾಸಣೆಗೆ ಹೋದಾಗ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಾನು ಬಿದ್ದ ವಿಷಯ ಆಗ ಹೇಳಿದೆ. ಅವರು ಪೆನ್ನು ಕೆಳಗಿಡದೆ, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ನೀವು ಕುರ್ಚಿ ಮೇಲೆ ಕೂತಿದ್ರೂ ಆಗ್ತಿತ್ತು" ಎಂದರು. ಅಷ್ಟು ಹೊತ್ತಿಗೆ ನೀವು ಊರು ಬಿಟ್ಟಾಗಿತ್ತು.

ಏಟು ಬಿದ್ದಿಲ್ಲ ಎಂದದ್ದು ನಿಮ್ಮನ್ನು ಉಳಿಸಲಿಕ್ಕಲ್ಲ. ಬಂಡೆಯ ವಿಷಯ ತೆಗೆದರೆ ಇನ್ನು ಹತ್ತಬೇಡಿ ಎಂದುಬಿಡುತ್ತಾರೆ ಎಂಬ ಭಯ. ನಿಮ್ಮ ಕಡೆ ನೋಡಿದ್ದು, ನೀವು ಬಾಯಿಬಿಡದಿರಲಿ ಎಂದು. ಹೊಟ್ಟೆಯೊಳಗೆ ಕತ್ತಿ ತಿರುಗುತ್ತಿದ್ದಾಗಲೂ ನನಗೆ ಬೇಕಾದದ್ದು ಅಷ್ಟೇ ಇತ್ತು.

ಜನವರಿಯಿಂದ ಇದು ನನಗೆ ಗೊತ್ತಿದ್ದರೂ ನಿಮಗೆ ಏಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ನಾನೂ ಕೇಳಿಕೊಂಡೆ. ನೀವು ಹೀಗೆ ಅಂದುಕೊಂಡಿದ್ದೀರೆಂದು ತಿಳಿದಿರಲಿಲ್ಲ ಎಂದು ಬರೆದರೆ ಮುಕ್ಕಾಲು ನಿಜ. ಕೈಗವಸನ್ನು ನಾನು ನೋಡಿದ್ದೆನಲ್ಲ. ಆ ಬಿಸಿಲಲ್ಲಿ ಕೈಗವಸು ಯಾಕೆ ಎಂದು ಆಗಲೇ ಕೇಳಬಹುದಿತ್ತು. ಯಾರಾದರೂ ಒಬ್ಬರು ನನ್ನ ಹೊಟ್ಟೆಯನ್ನು ಹೊತ್ತುಕೊಂಡು ಓಡಾಡುತ್ತಿದ್ದರೆ ನನಗೆ ಹಗುರ ಎಂದು ಎಲ್ಲೋ ಅನ್ನಿಸಿರಬೇಕು. ಅದು ಕೂಡ ಮರಗಟ್ಟಿದ ಜಾಗದಲ್ಲೇ ಇತ್ತು, ತಾಗಲಿಲ್ಲ.

ಇನ್ನೊಂದು. ನಾನು ಅವತ್ತು ಕೇಳಲೇ ಇಲ್ಲ ಭಾವ. ಎಷ್ಟು ಸಲ ಹಿಂದಕ್ಕೆ ಹೋಗಿ ನೋಡಿದರೂ ಉಬ್ಬಿನ ಕೆಳಗೆ ನನ್ನ ಬಾಯಿ ಮುಚ್ಚಿಯೇ ಇದೆ. ನೀವು ಇರುತ್ತೀರಿ ಎಂದು ಗೊತ್ತಿತ್ತು, ಕಾಲೆತ್ತಿದೆ. ಕೇಳದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿರಿ, ಬರದ ಉತ್ತರವನ್ನು ನಾನು ಕೇಳಿಸಿಕೊಂಡೆ. ಬಹುಶಃ ವರ್ಷಗಳಿಂದ ಹಾಗೇ ನಡೆದಿತ್ತು.

ಯಂತ್ರದ ಮಾತು ನಿಮ್ಮನ್ನು ಚುಚ್ಚಲು ಬರೆದದ್ದಲ್ಲ. ಅದನ್ನು ಬರೆಯುವ ಹಿಂದಿನ ದಿನ ಏನಾಯಿತೆಂದು ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಮಧ್ಯಾಹ್ನ, ಗೋದಾಮು ಖಾಲಿ, ಸೀಟಿ ಟೀಚರು ಕಿಟಕಿಯ ಹತ್ತಿರ ಬ್ರೆಡ್ಡು ತಿನ್ನುತ್ತಿದ್ದರು. ಗೋಡೆ ಹತ್ತಿದೆ. ನೆತ್ತಿಯ ಪಾರಿವಾಳವನ್ನು ನೋಡಿ ಕೈಬಿಡಲು ಹೊರಟೆ, ಎಡಗೈ ಬಿಟ್ಟೂ ಆಗಿತ್ತು. ಆಗ ಪಟ್ಟಿಯ ಕೊಕ್ಕೆ ನೆಲದ ಹತ್ತಿರದ ಬಳೆಯಲ್ಲಿ ಹಾಗೇ ಸಿಕ್ಕಿರುವುದು ಕಂಡಿತು. ನಾನು ಸಿಕ್ಕಿಸಿಕೊಂಡೇ ಇರಲಿಲ್ಲ. ಬೇರೆಯವರಿಗಾದರೆ ಮೇಲಕ್ಕೆಳೆಯುವ ಪಟ್ಟಿಯ ಸೆಳೆತ ಹೊಟ್ಟೆಯಲ್ಲಿ ಗೊತ್ತಾಗುತ್ತದೆ, ಇಲ್ಲದಿದ್ದರೆ ಇಲ್ಲವೆಂದು ಗೊತ್ತಾಗುತ್ತದೆ. ನನಗೆ ಎರಡೂ ಒಂದೇ. ಕೇಳಲು ಯಾರೂ ಇರಲಿಲ್ಲವಾದ್ದರಿಂದ ಕೇಳಿರಲಿಲ್ಲ. ಒಂದೊಂದೇ ಗುಬುಟು ಹಿಡಿದು ಇಳಿದು ಬಂದೆ. ಸೀಟಿ ಟೀಚರು ಬ್ರೆಡ್ಡು ಹಿಡಿದುಕೊಂಡೇ, "ಏನಮ್ಮಾ, ಇವತ್ತು ಇಳಿಯೋದನ್ನೂ ಪ್ರಾಕ್ಟೀಸ್ ಮಾಡ್ತಿದ್ದೀಯಾ?" ಎಂದರು. "ಹೌದು" ಎಂದೆ. ಭಯವಾಗಲಿಲ್ಲ. ಅದಕ್ಕೆ ಭಯವಾಗಬೇಕು ಎಂಬುದು ಮಾತ್ರ ಗೊತ್ತಿತ್ತು.

ನನಗೆ ಯಂತ್ರ ಸಾಲದು. ಕೆಳಗೆ ಮನುಷ್ಯರು ಬೇಕು, ನಾನು ಕೇಳುವಂತಿರಬೇಕು. ಯಾವ ಕೈಯಾದರೂ ಆದೀತು ಎನ್ನಲಾರೆ.

ಕೋತಿ


ಜೂನ್ ೨೦

ಭಾವ,

ಜೂನ್ ಬಂದಿದೆ. ಅಕ್ಕ ಫೋನಿನಲ್ಲಿ, "ಅದೇನು ಬರೆದಿದ್ದೆ ಮಾರಾಯ್ತಿ, ಅದನ್ನ ಸ್ಪ್ಯಾನರ್ ಡಬ್ಬೀಲಿಟ್ಕೊಂಡು ದಿನಾ ಕೆಲಸಕ್ಕೆ ಒಯ್ತಾರೆ. ಮೊನ್ನೆ ತಾವೇ ಹೋಗಿ ಕೈ ತೋರಿಸ್ಕೊಂಡು ಬಂದ್ರು" ಎಂದಳು. ನೀವು ಏನಾದರೂ ಹೇಳಿದಿರಾ ಎಂದು ಕೇಳಿದೆ. "ನಂಗೇನು ಹೇಳ್ತಾರೆ? ರಬ್ಬರ್ ಚೆಂಡು ಒತ್ತುತ್ತಾ ಕೂತಿರ್ತಾರೆ" ಎಂದಳು.

ನಾನು ಇಲ್ಲಿದ್ದೇನೆ ಎಂದು ತಿಳಿಸಲು ಮಾತ್ರ ಇದು. ಅಜ್ಜಿಯ ಸೆಟ್ಟು ಹೊಂದಿಕೊಂಡಿದೆಯಂತೆ. ಅಜ್ಜಿಗೋ ಬಾಯಿಗೋ, ಡಾಕ್ಟರು ಕೇಳಿಲ್ಲ.

ಕೋತಿ


ಜುಲೈ ೧೩

ಭಾವ,

ಇದನ್ನು ಬಂಡೆಯ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ, ಬ್ಯಾಗಿನ ಮೇಲೆ ಕಾಗದವಿಟ್ಟುಕೊಂಡು. ಅಕ್ಷರ ಓರೆಯಾದರೆ ಬೈಯಬೇಡಿ. ಸೀಟಿ ಟೀಚರು ಸ್ವಲ್ಪ ದೂರದಲ್ಲಿ ಮುಖಕ್ಕೆ ಟೋಪಿ ಮುಚ್ಚಿಕೊಂಡು ಮಲಗಿದ್ದಾರೆ. ನಮ್ಮ ಹಗ್ಗ ತಂದಿದ್ದೆ. ಅವರಿಗೆ ಹಿಡಿಯಲು ಬರುತ್ತದೆ, ನಿಮಗಿಂತ ಮೊದಲೇ ಕಲಿತವರು.

ನಾಲ್ಕನೆಯ ಕೊಂಡಿಯವರೆಗೆ ಹತ್ತಿ ಹಗ್ಗ ಹಾಯಿಸಿದೆ. ಉಬ್ಬಿನ ಕೆಳಗೆ ನಿಂತು ಈ ಸಲ ಬಾಯಿಬಿಟ್ಟು ಕೇಳಿದೆ.

"ಇದ್ದೀರಾ?"

"ಇದ್ದೀನಮ್ಮಾ, ಹೋಗು!" ಎಂದರು, ನನ್ನ ಮಾತು ಮುಗಿಯುವ ಮೊದಲೇ.

ನನಗೆ ಕಾಲೆತ್ತಲು ಆಗಲಿಲ್ಲ.

"ಯಾಕೆ ನಿಂತೆ? ಹೊಟ್ಟೆನಾ?"

"ಅಲ್ಲ. ಕೈ ನೋಡ್ಕೊಂಡು ಹೇಳಿ."

"ನನ್ನ ಕೈ ನನಗೆ ಗೊತ್ತಿಲ್ವೇನೇ? ಮೂವತ್ತು ವರ್ಷ ಡ್ರಿಲ್ ಮಾಡ್ಸಿದೋಳು ನಾನು!"

"ಆದ್ರೂ ಒಂದ್ಸಲ ನೋಡಿ, ಆಮೇಲೆ ಹೇಳಿ. ಬೇಗ ಹೇಳ್ಬೇಡಿ."

ಕೆಳಗೆ ಏನೋ ಗೊಣಗಿದರು. ಆಮೇಲೆ ಸದ್ದಿಲ್ಲ. ಎಷ್ಟು ಹೊತ್ತು ಎಂದರೆ, ಬಂಡೆಯ ಮೇಲೆ ಒಂದು ಇರುವೆ ನನ್ನ ಹೆಬ್ಬೆರಳನ್ನು ಸುತ್ತಿಕೊಂಡು ಆಚೆ ಹೋಗುವಷ್ಟು. ಹೊಟ್ಟೆಯ ಗುಂಟ ಹಗ್ಗ ಬಿಗಿಯಾದದ್ದು ಕಣ್ಣಿಗೆ ಕಂಡಿತು. ಆಮೇಲೆ, ಸ್ವಲ್ಪ ಬೇರೆಯೇ ದನಿಯಲ್ಲಿ, "ಇದ್ದೀನಿ" ಎಂದರು.

ಆ ಸುಮ್ಮನಿದ್ದ ಹೊತ್ತು ಇದೆಯಲ್ಲ, ಅದರಲ್ಲಿ ನಿಮ್ಮ ವಕೀಲರು ನೆನಪಾದರು. ಫೆಬ್ರವರಿಯಲ್ಲಿ ನೀವು ಬರೆದಾಗ ಅದನ್ನು ತಮಾಷೆ ಎಂದು ಓದಿ ಮಡಚಿಟ್ಟಿದ್ದೆ. ಆ ಮನುಷ್ಯ ದೂರು ಬರೆದು ಹೋದ. ನೀವು ಹಿಡಿ ಕೈಗೆ ಸಿಗುವವರೆಗೆ ಬಾಯಿಬಿಡಲಿಲ್ಲ.

ಉಬ್ಬನ್ನು ದಾಟಲಾಗಲಿಲ್ಲ. ಬಲಗಾಲು ಜಾರಿತು, ಬಿದ್ದೆ. ತೀರ ಸ್ವಲ್ಪವೇ, ಒಂದು ಮೊಳ. ಬೆಲ್ಟು ಹಿಡಿಯಿತು. ಹೊಟ್ಟೆಗೆ ಏನೂ ತಿಳಿಯಲಿಲ್ಲ. ಆದರೆ ಎಡಗಡೆ, ಮರಗಟ್ಟಿದ ಜಾಗ ಮುಗಿಯುವ ಅಂಚಿನಲ್ಲಿ, ಒಂದು ಬೆರಳಿನಷ್ಟು ಅಗಲದಲ್ಲಿ, ಪಟ್ಟಿ ಒತ್ತುವುದು ಗೊತ್ತಾಯಿತು. ನೋವೆಂದರೆ ನೋವಲ್ಲ. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದಂತೆ. ನಮ್ಮದೇ ಬಾಗಿಲಿರಬಹುದೇ ಎಂದು ಜೋತಾಡುತ್ತಲೇ ಸ್ವಲ್ಪ ಹೊತ್ತು ಆಲಿಸಿದೆ. "ಇಳಿಸ್ಲಾ?" ಎಂದು ಕೂಗಿದರು ಟೀಚರು. ಇರಿ ಎಂದೆ.

ಅವರಿಗೆ ಮುಂದಿನ ತಿಂಗಳು ಮಗಳ ಮನೆಗೆ ಹೋಗಬೇಕಂತೆ, ಇನ್ನು ಬರಲಾರರು. "ನಿನಗೆ ಹಿಡಿಯೋರು ಯಾರಾದ್ರೂ ಇದ್ದಾರೇನೇ?" ಎಂದು ಕೇಳಿ, ಉತ್ತರ ಕೇಳದೆ ನಿದ್ದೆ ಹೋಗಿದ್ದಾರೆ.

ನಿಮ್ಮ ಕೊನೆಯ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು. ನೀವು ಬರೆಯದಿರುವುದನ್ನು ಮೊದಲು ಬೇರೆ ರೀತಿ ಓದುತ್ತಿದ್ದೆ. ಈಗ ಚೆಂಡು ಒತ್ತುತ್ತಿದ್ದೀರಿ ಎಂದು ಓದುತ್ತೇನೆ. ತಪ್ಪಾಗಿ ಓದುವುದು ನಮ್ಮಿಬ್ಬರಿಗೂ ಹೊಸದಲ್ಲ, ಇದೂ ಹಾಗಿರಬಹುದು. ಬೆರಳು ಪೂರ್ತಿ ಮಡಚುತ್ತದೆಯೋ ಇಲ್ಲವೋ ನಿಧಾನವಾಗಿ ನೋಡಿಕೊಳ್ಳಿ. ಮಡಚದಿದ್ದರೆ ಹಾಗೇ ಬರೆಯಿರಿ. ಕಾಗದ ತಡವಾದರೆ ನಾನು ದೂರು ಬರೆಯುವುದಿಲ್ಲ. ಹಗ್ಗ ಬ್ಯಾಗಿನಲ್ಲಿದೆ, ಬೆಲ್ಟು ಇನ್ನೂ ಬಿಚ್ಚಿಲ್ಲ, ಬಕಲ್ಲನ್ನು ಕಣ್ಣಿನಿಂದ ಎರಡು ಸಲ ನೋಡಿದ್ದೇನೆ. ನಾನು ಉಬ್ಬಿನ ಕೆಳಗೇ ನಿಂತಿರುತ್ತೇನೆ.

ಭಾವ, ಇದ್ದೀರಾ?